‘ಸಣ್ಣಪುಟ್ಟ ಕೆಲಸ’ ಇರುವ ಕಾರು

ಹಳೆಯ ಕಾರು ಮಾರುವವರ ಬಾಯಲ್ಲಿ ತಪ್ಪದೆ ಬರುವ ಮಾತೊಂದಿದೆ: ‘ಗಾಡಿ ಸೂಪರ್ ಆಗಿದೆ ಸಾರ್, ಸಣ್ಣಪುಟ್ಟ ಕೆಲಸ ಇದೆ ಅಷ್ಟೆ.’ ಹನ್ನೆರಡು ಹದಿಮೂರು ವರ್ಷ ಓಡಿದ ಒಂದು ಆಲ್ಟೊ, ವ್ಯಾಗನ್ ಆರ್ ಅಥವಾ ಐ10 ಎಂದಿಟ್ಟುಕೊಳ್ಳಿ. ಟೈರು ಸವೆದಿವೆ, ಕ್ಲಚ್ ಗಟ್ಟಿಯಾಗಿದೆ, ರಸ್ತೆಯ ಗುಂಡಿಗೆ ಇಳಿದಾಗ ಮುಂದಿನ ಚಕ್ರದ ಹತ್ತಿರ ಕಟಕಟ ಸದ್ದು, ಎಸಿ ತಣ್ಣಗಾಗುತ್ತಿಲ್ಲ. ಬೆಲೆ ಮಾತ್ರ ಅದೇ ವರ್ಷದ ಚೆನ್ನಾಗಿರುವ ಕಾರಿಗಿಂತ ಐವತ್ತು ಅರವತ್ತು ಸಾವಿರ ಕಡಿಮೆ. ತೆಗೆದುಕೊಳ್ಳಬೇಕೋ ಬೇಡವೋ? ಮನೆಯಲ್ಲಿ ಒಬ್ಬರು ‘ಗುಜರಿ ತಂದು ಬಾಗಿಲಲ್ಲಿ ನಿಲ್ಲಿಸ್ತೀಯಾ?’ ಎನ್ನುತ್ತಾರೆ. ಇನ್ನೊಬ್ಬರು ‘ಒಂದ್ಸಲ ರಿಪೇರಿ ಮಾಡಿಸಿಬಿಟ್ರೆ ಇನ್ನೂ ಹತ್ತು ವರ್ಷ ಓಡುತ್ತೆ’ ಎನ್ನುತ್ತಾರೆ. ಇಬ್ಬರೂ ಕಾರಿನ ಬಾನೆಟ್ ಎತ್ತಿ ನೋಡಿರುವುದಿಲ್ಲ. ರಿಪೇರಿ ಇದೆ ಎಂಬ ಒಂದೇ ಕಾರಣಕ್ಕೆ ಕಾರಿಗೆ ಹೆದರಬೇಕಿಲ್ಲ ಎಂಬುದು ನನ್ನ ವಾದ. ಹೆದರಬೇಕಾದದ್ದು ರಿಪೇರಿಯ ಬಿಲ್ಲು ಎಲ್ಲಿ ನಿಲ್ಲುತ್ತದೆಂದು ಮೊದಲೇ ಹೇಳಲಾಗದ ಕಾರಿಗೆ. ತಮಾಷೆಯೆಂದರೆ, ಈ ಎರಡನೆಯ ಬಗೆಯ ಕಾರು ನೋಡುವುದಕ್ಕೆ ಬಹಳ ಸಲ ತುಂಬಾ ಚೆನ್ನಾಗಿರುತ್ತದೆ.

ಅರ್ಥಶಾಸ್ತ್ರದಲ್ಲಿ ಇದಕ್ಕೆ ಒಳ್ಳೆಯ ಆಧಾರವಿದೆ. 1970ರಲ್ಲಿ ಜಾರ್ಜ್ ಅಕರ್ಲಾಫ್ ಎಂಬ ಅಮೆರಿಕದ ವಿದ್ವಾಂಸರು ಹಳೆಯ ಕಾರುಗಳ ಮಾರಾಟವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಒಂದು ಪುಟ್ಟ ಲೇಖನ ಪ್ರಕಟಿಸಿದರು. ಅದರಲ್ಲಿ ಭಾರತದ ಸಾಲದ ಮಾರುಕಟ್ಟೆಯ, ಲೇವಾದೇವಿಗಾರರ ಪ್ರಸ್ತಾಪವೂ ಬರುತ್ತದೆ. 2001ರಲ್ಲಿ ಇನ್ನಿಬ್ಬರೊಂದಿಗೆ ಅವರಿಗೆ ನೊಬೆಲ್ ಬಂದದ್ದರ ಹಿಂದೆ ಈ ಲೇಖನವಿತ್ತು. ಅವರ ತರ್ಕ ಸರಳ. ಕಾರಿನ ಒಳಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಡುವಿನ ಒಂದು ಬೆಲೆಗೆ ಮಾತ್ರ ಒಪ್ಪುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಯಜಮಾನ ಮಾರುವುದಿಲ್ಲ. ತಾನೇ ಇಟ್ಟುಕೊಳ್ಳುತ್ತಾನೆ, ಇಲ್ಲವೇ ತಮ್ಮನಿಗೋ ಭಾವನಿಗೋ ಕೊಡುತ್ತಾನೆ. ಮಾರಾಟಕ್ಕೆ ಬರುವವುಗಳಲ್ಲಿ ಕೆಟ್ಟವುಗಳ ಪಾಲು ಹೆಚ್ಚುತ್ತದೆ, ಅದು ಗೊತ್ತಾದಂತೆ ಬೆಲೆ ಇನ್ನೂ ಇಳಿಯುತ್ತದೆ, ಉಳಿದ ಒಳ್ಳೆಯ ಕಾರುಗಳೂ ಹಿಂದೆ ಸರಿಯುತ್ತವೆ. ಅಕರ್ಲಾಫ್ ಅವರ ಈ ತರ್ಕವನ್ನು ನಾವು ಒಂದು ಹೆಜ್ಜೆ ಮುಂದಕ್ಕೆ ಒಯ್ಯಬಹುದು. ಕಣ್ಣಿಗೆ ಕಾಣುವ, ಮಾರುವವನೇ ಒಪ್ಪಿಕೊಂಡ ದೋಷ ಇಬ್ಬರಿಗೂ ಸಮನಾಗಿ ಗೊತ್ತಿರುವ ದೋಷ. ಅದರ ಮೇಲೆ ಚೌಕಾಸಿ ಮಾಡಬಹುದು, ಅದಕ್ಕೆ ಬೆಲೆ ಕಟ್ಟಬಹುದು. ಮುಚ್ಚಿಟ್ಟ ದೋಷಕ್ಕೆ ಬೆಲೆ ಕಟ್ಟುವುದು ಕೊಂಡ ಮೇಲೆ, ಒಬ್ಬರೇ. ಪಾಲಿಶ್ ಹೊಡೆಸಿ, ಸೀಟ್ ಕವರ್ ಬದಲಿಸಿ, ಎಂಜಿನ್ ತೊಳೆಸಿ ನಿಲ್ಲಿಸಿದ ಕಾರಿಗಿಂತ ಧೂಳು ಹಿಡಿದು, ಸದ್ದು ಮಾಡುತ್ತಾ ನಿಂತ ಕಾರು ಹೆಚ್ಚು ನಿಜ ಹೇಳುತ್ತಿರಬಹುದು.

ಹಾಗೆಂದ ಮಾತ್ರಕ್ಕೆ ಮಾರುವವರೆಲ್ಲ ಮೋಸಗಾರರೆಂದಲ್ಲ. ಮನೆಗೆ ದೊಡ್ಡ ಕಾರು ಬಂದಿದೆ, ದೂರದೂರಿಗೆ ವರ್ಗವಾಗಿದೆ, ಕಾರು ಓಡಿಸುತ್ತಿದ್ದ ಹಿರಿಯರು ಈಗ ಓಡಿಸುವುದಿಲ್ಲ. ಇಂಥ ಕಾರಣಕ್ಕೆ ಒಳ್ಳೆಯ ಗಾಡಿಗಳೂ ಮಾರಾಟಕ್ಕೆ ಬರುತ್ತವೆ. ಅವುಗಳನ್ನು ಗುರುತಿಸಲು ಮಾರುವವರ ಮಾತಿಗಿಂತ ಅವರು ಇಟ್ಟುಕೊಂಡ ಬಿಲ್ಲುಗಳು ಹೆಚ್ಚು ಉಪಯೋಗಕ್ಕೆ ಬರುತ್ತವೆ. ಯಾವ ವರ್ಷ ಯಾವ ಭಾಗ ಬದಲಾಯಿತು, ಆಗ ಎಷ್ಟು ಕಿಲೋಮೀಟರ್ ಓಡಿತ್ತು ಎಂಬುದು ಅದರಲ್ಲಿರುತ್ತದೆ. ಎಂಟು ವರ್ಷದ ಹಿಂದಿನ ಸರ್ವಿಸ್ ಬಿಲ್ಲಿನಲ್ಲಿ ಎಂಬತ್ತು ಸಾವಿರ ಕಿಲೋಮೀಟರ್ ಎಂದಿದ್ದು, ಇವತ್ತಿನ ಮೀಟರು ಅರವತ್ತೈದು ಸಾವಿರ ತೋರಿಸುತ್ತಿದ್ದರೆ ಮುಂದೆ ಮಾತಾಡುವ ಅಗತ್ಯವಿಲ್ಲ.

ಈಗ ರಿಪೇರಿಯ ವಿಷಯಕ್ಕೆ ಬರೋಣ. ಕಾರಿನಲ್ಲಿ ಕೆಲವು ಭಾಗಗಳು ಸವೆಯುವುದಕ್ಕೆಂದೇ ಇರುತ್ತವೆ: ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ಟೈರು, ಬ್ಯಾಟರಿ, ಸಸ್ಪೆನ್ಷನ್ನಿನ ಬುಶ್ಶು, ಬಾಲ್ ಜಾಯಿಂಟು, ಶಾಕ್ ಅಬ್ಸಾರ್ಬರು. ಇವುಗಳ ಬೆಲೆ ಬೆಂಗಳೂರಿನ ಜೆ.ಸಿ. ರಸ್ತೆಯ ಯಾವ ಅಂಗಡಿಯಲ್ಲಿ ಕೇಳಿದರೂ ಒಂದೇ ನಿಮಿಷದಲ್ಲಿ ಸಿಗುತ್ತದೆ. ಕೂಲಿಯನ್ನು ಊರಿನ ಯಾವ ಗ್ಯಾರೇಜಿನವರಾದರೂ ಹೇಳುತ್ತಾರೆ. ಬದಲಾಯಿಸಿದರೆ ಆ ಕೆಲಸ ಮುಗಿಯಿತು. ಮತ್ತೆ ಬಹಳ ಕಾಲ ಅದರ ಗೊಡವೆ ಇಲ್ಲ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಾದರೆ ಅದನ್ನೂ ಈ ಪಟ್ಟಿಗೇ ಸೇರಿಸಬೇಕು. ಅದು ಓಡುತ್ತಿರುವಾಗ ತುಂಡಾದರೆ ಎಷ್ಟೋ ಎಂಜಿನ್ನುಗಳಲ್ಲಿ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಹಾಗಾಗಿ ಹಿಂದೆ ಬದಲಾಯಿಸಿದ್ದಕ್ಕೆ ಬಿಲ್ಲು ಇಲ್ಲದಿದ್ದರೆ ಬದಲಾಯಿಸಿಲ್ಲವೆಂದೇ ಲೆಕ್ಕ ಹಿಡಿಯುವುದು ಕ್ಷೇಮ. ಇಂಥ ಕೆಲಸ ಹತ್ತಿದ್ದರೂ ಕಾಗದದ ಮೇಲೆ ಬರೆದು ಕೂಡಿಸಬಹುದು, ಕೆಳಗೆ ಒಂದು ಮೊತ್ತ ಬರುತ್ತದೆ. ಬಿಡಿಭಾಗ ಸಿಗುವ ಮಾಡೆಲ್ ಆಗಿರಬೇಕು ಎಂಬುದೊಂದೇ ಷರತ್ತು. ಜನರಲ್ ಮೋಟಾರ್ಸ್ 2017ರ ಕೊನೆಗೆ ನಮ್ಮಲ್ಲಿ ಶೆವ್ರೊಲೆ ಕಾರುಗಳ ಮಾರಾಟ ನಿಲ್ಲಿಸಿತು; 2021ರಲ್ಲಿ ಫೋರ್ಡ್ ಇಲ್ಲಿ ಕಾರು ತಯಾರಿಸುವುದನ್ನು ಕೈಬಿಡುವುದಾಗಿ ಪ್ರಕಟಿಸಿತು. ಈ ಕಾರುಗಳು ಅಗ್ಗಕ್ಕೆ ಸಿಗುವುದಕ್ಕೆ ಅದೂ ಒಂದು ಕಾರಣ. ಕೆಟ್ಟ ಗಾಡಿಗಳಲ್ಲ, ಕೆಲವನ್ನು ಓಡಿಸುವುದೇ ಖುಷಿ. ಆದರೆ ಒಂದು ಬಿಡಿಭಾಗಕ್ಕೆ ವಾರಗಟ್ಟಲೆ ಕಾಯುವ ತಾಳ್ಮೆಯನ್ನೂ ಬೆಲೆಗೆ ಸೇರಿಸಿಕೊಳ್ಳಬೇಕು.

ಇನ್ನೊಂದು ಬಗೆಯ ರಿಪೇರಿಗೆ ತಳವೇ ಇರುವುದಿಲ್ಲ. ಒಮ್ಮೆ ಮಿತಿಮೀರಿ ಕಾದ ಎಂಜಿನ್ನನ್ನು ನೋಡಿ. ರೇಡಿಯೇಟರ್ ಸೋರಿಯೋ ಫ್ಯಾನ್ ಕೆಟ್ಟೋ ಎಂಜಿನ್ ಕಾದಾಗ ಅಲ್ಯೂಮಿನಿಯಂನ ಸಿಲಿಂಡರ್ ಹೆಡ್ ಕೂದಲೆಳೆಯಷ್ಟು ಸೊಟ್ಟಗಾಗುತ್ತದೆ, ಹೆಡ್ ಗ್ಯಾಸ್ಕೆಟ್ ಸುಟ್ಟುಹೋಗುತ್ತದೆ. ‘ಗ್ಯಾಸ್ಕೆಟ್ ಹಾಕಿದ್ರೆ ಸರಿಹೋಗುತ್ತೆ’ ಎಂದು ಶುರುವಾದ ಕೆಲಸ, ಹೆಡ್ ಬಿಚ್ಚಿದ ಮೇಲೆ ಅದನ್ನು ಲೇತಿಗೆ ಕಳಿಸುವುದಾಗುತ್ತದೆ. ಅಲ್ಲಿಂದ ಬಂದ ಮೇಲೆ ಬೋರ್ ಸವೆದದ್ದು ಕಾಣುತ್ತದೆ, ರಿಂಗು, ಪಿಸ್ಟನ್ನು, ಬೇರಿಂಗು ಎಂದು ಒಂದರ ಹಿಂದೆ ಒಂದು ಬರುತ್ತವೆ. ಹಳೆಯ ಮನೆಯ ಒಂದು ಗೋಡೆ ಕೆಡವಲು ಹೋಗಿ ಇಡೀ ಸೂರಿನ ಸ್ಥಿತಿ ಕಂಡ ಹಾಗೆ. ಮೇಸ್ತ್ರಿ ಸುಳ್ಳು ಹೇಳಿದ್ದಲ್ಲ, ಬಿಚ್ಚುವ ಮುಂಚೆ ಅವನಿಗೂ ತಿಳಿಯುವುದಿಲ್ಲ. ತುಕ್ಕೂ ಹೀಗೆಯೇ. ಕರಾವಳಿಯ ಉಪ್ಪುಗಾಳಿಯಲ್ಲಿ, ಮಲೆನಾಡಿನ ಮಳೆಯಲ್ಲಿ ವರ್ಷಗಟ್ಟಲೆ ನಿಂತ ಕಾರಿನ ತುಕ್ಕು ಬಣ್ಣದ ಕೆಳಗೆ ಹರಡುತ್ತಿರುತ್ತದೆ. ಮೇಲೆ ಪುಟ್ಟಿ ತುಂಬಿ ಬಣ್ಣ ಹೊಡೆದರೆ ಮಾರುವ ದಿನ ಏನೂ ಕಾಣುವುದಿಲ್ಲ, ಎರಡು ಮಳೆಗಾಲ ಕಳೆದರೆ ಅದೇ ಜಾಗದಲ್ಲಿ ಮತ್ತೆ ಗುಳ್ಳೆ ಏಳುತ್ತದೆ. ಮೂರನೆಯದು ನೀರಲ್ಲಿ ಮುಳುಗಿದ ಕಾರು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳಲ್ಲಿ, ನೆಲಮಾಳಿಗೆಗಳಲ್ಲಿ ಕಾರುಗಳು ಮುಳುಗಿದ್ದನ್ನು ದೇಶವೇ ನೋಡಿದೆ. ಅಂಥ ಕಾರಿನ ಎಂಜಿನ್ ಸರಿಮಾಡಿಸಬಹುದು. ವೈರಿಂಗಿನ ನೂರಾರು ಕನೆಕ್ಟರುಗಳ ಒಳಗೆ ಕೂತ ಕೆಸರು ಮಾತ್ರ ಎಂದು ಯಾವ ದೀಪ ಆರಿಸುತ್ತದೋ, ಯಾವ ಸೆನ್ಸರ್ ಕೆಡಿಸುತ್ತದೋ ಹೇಳಲಾಗದು.

ಹಾಗಾದರೆ ನಮ್ಮೆದುರಿನ ಕಾರು ಯಾವ ಬಗೆಯದೆಂದು ತಿಳಿಯುವುದು ಹೇಗೆ? ಮೆಕ್ಯಾನಿಕ್ ಅಲ್ಲದವರೂ ಸಾಕಷ್ಟು ತಿಳಿಯಬಹುದು. ಬೆಳಿಗ್ಗೆ ಹೋಗಬೇಕು, ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಹೇಳಿರಬೇಕು, ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಬೇಕು. ಬೆಚ್ಚಗಿದ್ದರೆ ತಣ್ಣಗಿರುವಾಗ ಬರುವ ಸದ್ದನ್ನೋ ಹೊಗೆಯನ್ನೋ ಮರೆಮಾಡಿರಬಹುದೆಂದು ತಿಳಿಯಬೇಕು. ಕೀಲಿ ತಿರುಗಿಸಿ, ಎಂಜಿನ್ ಶುರುಮಾಡದೆ ಒಂದು ಕ್ಷಣ ನಿಲ್ಲಿಸಿದಾಗ ಮೀಟರಿನಲ್ಲಿ ಎಂಜಿನ್, ಆಯಿಲ್, ಬ್ಯಾಟರಿ ದೀಪಗಳೆಲ್ಲ ಹೊತ್ತಿಕೊಳ್ಳಬೇಕು, ಶುರುವಾದ ಮೇಲೆ ಆರಬೇಕು. ಆರದ ದೀಪ ದೋಷವನ್ನು ಹೇಳುತ್ತದೆ. ಮೊದಲಿಗೆ ಹೊತ್ತಿಕೊಳ್ಳಲೇ ಇಲ್ಲದ ದೀಪ, ದೋಷ ಕಾಣದಂತೆ ಯಾರೋ ಕೈಯಾಡಿಸಿರಬಹುದೆಂದು ಹೇಳುತ್ತದೆ. ಹೊಗೆಗೊಳವೆಯಿಂದ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಸೇರುತ್ತಿದೆ. ಆಯಿಲ್ ಹಾಕುವ ಮುಚ್ಚಳದ ಒಳಬದಿಗೆ ಹಾಲು ಬೆರೆಸಿದ ಕಾಫಿಬಣ್ಣದ ನೊರೆ ದಪ್ಪಗೆ ಅಂಟಿದ್ದರೂ ಅನುಮಾನ ಅದೇ. ಎಂಜಿನ್ ಓಡುತ್ತಿರುವಾಗ ಆ ಮುಚ್ಚಳ ತೆಗೆದರೆ ಹೊಗೆ ಬುಸುಬುಸು ಹೊರಗೆ ನುಗ್ಗುವುದನ್ನು ಗ್ಯಾರೇಜಿನವರು ‘ಬ್ಯಾಕ್ ಕಂಪ್ರೆಷನ್’ ಎನ್ನುತ್ತಾರೆ. ಅಲ್ಲಿಂದ ಎದ್ದು ಬರಬಹುದು. ತುಕ್ಕಿಗೆ ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿಯ ಗುಂಡಿ ನೋಡಬೇಕು, ಬಾಗಿಲುಗಳ ಕೆಳ ಅಂಚನ್ನು ಬೆರಳಿಂದ ಸವರಬೇಕು, ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತವೊಂದನ್ನು ಜೇಬಲ್ಲಿಟ್ಟುಕೊಂಡು ಹೋಗಿ ಅಲ್ಲಲ್ಲಿ ಹಚ್ಚಬೇಕು. ದಪ್ಪ ಪುಟ್ಟಿ ಇರುವ ಕಡೆ ಅದು ಕಚ್ಚಿಕೊಳ್ಳುವುದಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದರೆ, ನೀರು ಕಂಡ ಕಾರಿನಲ್ಲಿ ಕೆಸರಿನ ಗೆರೆ ಅಲ್ಲಿ ಉಳಿದಿರುವುದುಂಟು. ಕಾರು ತೊಳೆಯುವವರು ಅಷ್ಟು ಒಳಗೆ ಹೋಗುವುದು ಅಪರೂಪ.

ಇಷ್ಟರಲ್ಲಿ ಪಾಸಾದ ಕಾರನ್ನು ಮೆಕ್ಯಾನಿಕ್ ಒಬ್ಬರಿಗೆ ತೋರಿಸಬೇಕು, ಅವರು ನೋಡುವುದಕ್ಕೆ ದುಡ್ಡು ಕೊಡಬೇಕು. ಇಲ್ಲಿ ನನ್ನದೊಂದು ಹಟವಿದೆ: ನೋಡುವವರು ಬೇರೆ, ರಿಪೇರಿ ಮಾಡುವವರು ಬೇರೆ ಆಗಿರಲಿ. ಈ ಕಾರು ಬಂದರೆ ತನಗೆ ಕೆಲಸ ಸಿಗುತ್ತದೆಂದು ಗೊತ್ತಿರುವವರಿಗೆ ‘ಬೇಡ’ ಎನ್ನುವುದು ಕಷ್ಟ. ಬ್ರೋಕರ್ ಕರೆತಂದ ಮೆಕ್ಯಾನಿಕ್ ಬಗ್ಗೆ ಹೇಳಬೇಕಾದ್ದೇ ಇಲ್ಲ. ‘ನಮ್ಮ ಮೇಸ್ತ್ರಿ ಇದ್ದಾನೆ, ಏನೇ ಬರಲಿ ಮಾಡಿಕೊಡ್ತಾನೆ’ ಎಂಬ ಧೈರ್ಯವನ್ನೂ ಬಹಳ ಜನರಲ್ಲಿ ಕಾಣುತ್ತೇವೆ. ಅವನು ಮಾಡಿಕೊಡುತ್ತಾನೆ, ನಿಜ. ಕೂಲಿಯಲ್ಲಿ ಸಲಿಗೆಯೂ ಸಿಗಬಹುದು. ಬಿಡಿಭಾಗಗಳ ಬೆಲೆಗೆ ಅವನ ಸ್ನೇಹದ ಹಂಗಿಲ್ಲ.

ಪಟ್ಟಿ ಕೈಗೆ ಬಂದ ಮೇಲೆ ಲೆಕ್ಕ. ಉದಾಹರಣೆಗೆಂದು ಹೀಗೆ ಹಿಡಿಯೋಣ: ಅದೇ ವರ್ಷದ, ಅದೇ ಮಾಡೆಲಿನ, ಸುಸ್ಥಿತಿಯ ಕಾರು ಎರಡು ಲಕ್ಷಕ್ಕೆ ಹೋಗುತ್ತಿದೆ. ನಮ್ಮೆದುರಿನ ಕಾರಿಗೆ ನಲವತ್ತೈದು ಸಾವಿರದ ಕೆಲಸವಿದೆ. ಹಾಗಾದರೆ ಒಂದು ಲಕ್ಷ ಐವತ್ತೈದು ಸಾವಿರ ಕೊಡಬಹುದೇ? ಕೂಡದು. ಆ ಬೆಲೆಗೆ ಓಡಾಟ, ಕಾಯುವುದು, ಬಿಚ್ಚಿದ ಮೇಲೆ ಕಾಣುವ ಹೊಸ ಕೆಲಸದ ಅಪಾಯ ಎಲ್ಲವೂ ಕೊಳ್ಳುವವರ ಪಾಲಿಗೆ ಪುಕ್ಕಟೆಯಾಗಿ ಬರುತ್ತವೆ. ಅವಕ್ಕೊಂದು ಹದಿನೈದು ಸಾವಿರ ಕಳೆದರೆ ಒಂದು ಲಕ್ಷ ನಲವತ್ತು ಸಾವಿರ. ಅದರ ಮೇಲಕ್ಕೆ ಹೋಗುವ ಬದಲು ಚೆನ್ನಾಗಿರುವುದನ್ನೇ ಹುಡುಕುವುದು ಮೇಲು. ಇದರ ಜೊತೆಗೆ ಪ್ರಚಾರದಲ್ಲಿರುವ ಒಂದು ಸೂತ್ರವನ್ನು ಕೈಬಿಡಬೇಕೆಂದು ನನಗನ್ನಿಸುತ್ತದೆ: ರಿಪೇರಿಯ ಖರ್ಚು ಕಾರಿನ ಬೆಲೆಯ ಅರ್ಧ ದಾಟಿದರೆ ಬೇಡ ಎಂಬುದು. ಅರವತ್ತು ಸಾವಿರದ ಕಾರಿಗೆ ಐವತ್ತು ಸಾವಿರದ ಸವೆತದ ಕೆಲಸ ಮಾಡಿಸಿ ಐದು ವರ್ಷ ಓಡಿಸಿದರೆ, ವರ್ಷಕ್ಕೆ ಇಪ್ಪತ್ತೆರಡು ಸಾವಿರ ಬಿತ್ತು. ಸೂತ್ರದ ಪ್ರಕಾರ ಇದು ದಡ್ಡತನ, ಲೆಕ್ಕದ ಪ್ರಕಾರ ಜಾಣತನ. ಒಂದು ಮಾತು ಮಾತ್ರ ನೆನಪಿರಲಿ: ಮಾರುವಾಗ ಆ ಐವತ್ತು ಸಾವಿರ ವಾಪಸು ಬರುವುದಿಲ್ಲ, ಆದ್ದರಿಂದ ಎರಡು ವರ್ಷದಲ್ಲಿ ಮಾರುವ ಯೋಚನೆ ಇರುವವರಿಗೆ ಈ ಲೆಕ್ಕ ಹೊಂದುವುದಿಲ್ಲ.

ಐದು ವರ್ಷ ಓಡಿಸಲು ಕಾನೂನು ಬಿಡಬೇಕಲ್ಲ ಎಂದು ಕೇಳಬಹುದು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಕಾರನ್ನು ಪರೀಕ್ಷೆಗೆ ಒಯ್ದು, ನಮ್ಮ ಜನರ ಮಾತಿನಲ್ಲಿ ‘ಎಫ್‌ಸಿ ಮಾಡಿಸಿ’, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಈ ನವೀಕರಣದ ಶುಲ್ಕ ಕಾರಿಗೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಲ್ಲಿ 5,000ಕ್ಕೆ ಏರಿತು. ಇದರ ಮೇಲೆ ಹಸಿರು ತೆರಿಗೆ ಬೇರೆ. 13 ವರ್ಷದ ಕಾರು ಕೊಳ್ಳುವವರು ಈ ಖರ್ಚನ್ನೂ, ಪರೀಕ್ಷೆಗೆ ಮುಂಚೆ ಮಾಡಿಸಬೇಕಾದ ತಗಡು ಕೆಲಸ, ಬಣ್ಣದ ಖರ್ಚನ್ನೂ ಇವತ್ತಿನ ಪಟ್ಟಿಗೇ ಸೇರಿಸಬೇಕು. ದೆಹಲಿ ನೋಂದಣಿಯ ಕಾರುಗಳ ಆಸೆ ಹುಟ್ಟುವುದೂ ಇಲ್ಲಿಯೇ. ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳ ಮೇಲೆ 2015ರಿಂದ ಹಸಿರು ನ್ಯಾಯಮಂಡಳಿ, 2018ರಲ್ಲಿ ಸುಪ್ರೀಂ ಕೋರ್ಟು ಹೇರಿದ ನಿರ್ಬಂಧದ ಭಯದಿಂದ ಒಳ್ಳೆಯ ಕಾರುಗಳೂ ಅಗ್ಗಕ್ಕೆ ದಕ್ಷಿಣದ ಕಡೆ ಬಂದವು. ಎನ್‌ಒಸಿ ತಂದು ಇಲ್ಲಿ ಮರುನೋಂದಣಿ ಮಾಡಿಸುವಾಗ ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ಅದನ್ನು ಕಾರಿನ ವಯಸ್ಸಿಗೆ ತಕ್ಕ ಪ್ರಮಾಣದಲ್ಲಿ, ಹೊಸದಿದ್ದಾಗಿನ ಬೆಲೆಯ ಮೇಲೆ ಹಾಕುವುದರಿಂದ ಎಷ್ಟೋ ಸಲ ಅಗ್ಗ ಅಲ್ಲಿಗೇ ಕರಗುತ್ತದೆ.

ನನ್ನ ವಾದಕ್ಕೆ ಬರುವ ದೊಡ್ಡ ಆಕ್ಷೇಪ ಹೊಸ ಕಾರಿನ ಕಡೆಯಿಂದ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿಯಿತು, ಸೆಸ್ಸೂ ಹೋಯಿತು. ಹೊಸದೇ ಅಗ್ಗವಾದ ಮೇಲೆ ಹಳೆಯದರ ತಲೆನೋವು ಏಕೆ? ಈ ಮಾತಿನಲ್ಲಿ ಹುರುಳಿದೆ, ಆದರೆ ಅದು ಎಲ್ಲರಿಗೂ ಒಂದೇ ಅಲ್ಲ. ಐದು ಲಕ್ಷ ಸಾಲವನ್ನು ಶೇಕಡ 9ರ ಬಡ್ಡಿಗೆ ಐದು ವರ್ಷಕ್ಕೆ ತಂದರೆ ತಿಂಗಳಿಗೆ ಸುಮಾರು 10,380 ರೂಪಾಯಿ ಕಂತು. ಬಡ್ಡಿಯೇ ಒಂದು ಲಕ್ಷ ಇಪ್ಪತ್ತು ಸಾವಿರದ ಮೇಲಾಗುತ್ತದೆ. ವಾರಕ್ಕೊಮ್ಮೆ ಊರಿಗೆ, ಆಗೀಗ ಆಸ್ಪತ್ರೆಗೆ, ಮದುವೆ ಮುಂಜಿಗೆ ಹೋಗುವ ಮನೆಗೆ ಇದು ನಿಂತ ಕಾರಿಗೆ ಕಟ್ಟುವ ಬಾಡಿಗೆ. ದಿನಕ್ಕೆ ಐವತ್ತು ಅರವತ್ತು ಕಿಲೋಮೀಟರ್ ಓಡಾಡಲೇಬೇಕಾದವರ, ಕಾರು ಒಂದು ದಿನ ನಿಂತರೆ ಸಂಪಾದನೆ ನಿಲ್ಲುವವರ ಮಾತು ಬೇರೆ. ಅವರು ರಿಪೇರಿಯ ಕಾರನ್ನು ಎಷ್ಟು ಅಗ್ಗಕ್ಕೆ ಸಿಕ್ಕರೂ ಮುಟ್ಟಬಾರದು. ಹೊಸದರ ಬೆಲೆ ಇಳಿದದ್ದರಿಂದ ಹಳೆಯದನ್ನು ಕೊಳ್ಳುವವರಿಗೂ ಒಂದು ಅನುಕೂಲವಾಗಿದೆ: ಹಿಂದಿನ ಬೆಲೆಯನ್ನೇ ಹಿಡಿದು ಕೂತ ಮಾರಾಟಗಾರರ ಮುಂದೆ ಚೌಕಾಸಿಗೆ ಒಂದು ಗಟ್ಟಿ ಕಾರಣ ಸಿಕ್ಕಿದೆ.

ಇನ್ನೊಂದು ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಅದು ಸುರಕ್ಷತೆಯದು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಜನಪ್ರಿಯ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸಿತು. ಆಲ್ಟೊ 800, ಐ10, ಫಿಗೊ, ಪೋಲೊ, ನ್ಯಾನೊ ಐದಕ್ಕೂ ದೊಡ್ಡವರ ರಕ್ಷಣೆಯಲ್ಲಿ ಸೊನ್ನೆ ನಕ್ಷತ್ರ. ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಮತ್ತು ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರಲ್ಲಿ. ಅದಕ್ಕೂ ಹಿಂದಿನ ಕಾರಿಗೆ ಎಷ್ಟೇ ರಿಪೇರಿ ಮಾಡಿಸಿದರೂ ಏರ್‌ಬ್ಯಾಗ್ ಬರುವುದಿಲ್ಲ. ಆ ಕಾಲದಲ್ಲೂ ಮೇಲಿನ ದರ್ಜೆಯ ಮಾದರಿಗಳಲ್ಲಿ ಅವು ಇರುತ್ತಿದ್ದವು, ಹುಡುಕಿದರೆ ಸಿಗುತ್ತವೆ. ಸಿಗದಿದ್ದರೆ, ಊರೊಳಗಿನ ಓಡಾಟಕ್ಕೆ ಸರಿಯೆನಿಸಿದ ಕಾರನ್ನು ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಓಡಿಸಲು ಕೊಳ್ಳಬೇಡಿ ಎಂದಷ್ಟೇ ಹೇಳಬಲ್ಲೆ. ಹಣದ ಲೆಕ್ಕ ಇಲ್ಲಿಗೆ ಅನ್ವಯಿಸುವುದಿಲ್ಲ. ಅಪಘಾತದ ನಂತರದ ವಿಮೆಯ ಲೆಕ್ಕವೂ ಹಳೆಯ ಕಾರಿಗೆ ಬಿಗಿ: ರಬ್ಬರು, ಪ್ಲಾಸ್ಟಿಕ್ಕಿನ ಭಾಗಗಳಿಗೆ ಹೇಗೂ ಅರ್ಧ ಕಡಿತ, ಕಾರು 10 ವರ್ಷ ದಾಟಿದರೆ ಲೋಹದ ಭಾಗಗಳಿಗೂ ಅರ್ಧ.

ದೊಡ್ಡ ಕಂಪನಿಗಳು ಪರೀಕ್ಷಿಸಿ ಖಾತರಿ ಕೊಟ್ಟು ಮಾರುವ ಹಳೆಯ ಕಾರುಗಳಿವೆಯಲ್ಲ ಎನ್ನುವವರೂ ಇದ್ದಾರೆ. ಖಾತರಿ, ಹೆಸರುವಾಸಿ ಬ್ರ್ಯಾಂಡುಗಳೇ ಈ ಅಪನಂಬಿಕೆಗೆ ಮದ್ದೆಂದು ಅಕರ್ಲಾಫ್ ಕೂಡ ಹೇಳಿದ್ದರು. ಐದಾರು ವರ್ಷದ ಕಾರಿಗೆ ಇದು ಒಳ್ಳೆಯ ದಾರಿ. ಆ ಖಾತರಿಯ ಬೆಲೆ ಕಾರಿನ ಬೆಲೆಯಲ್ಲಿ ಸೇರಿರುತ್ತದೆ ಮತ್ತು ಹದಿಮೂರು ವರ್ಷದ ಕಾರಿಗೆ ಅಂಥ ಖಾತರಿ ಸಿಗುವುದೇ ಅಪರೂಪ.

ಉಳಿದದ್ದು ಕಾಗದಪತ್ರ. ಇದರಲ್ಲಿಯೂ ಕೊನೆಯಿರುವ ರಿಪೇರಿ, ಕೊನೆಯಿಲ್ಲದ ರಿಪೇರಿ ಎಂಬ ಭೇದ ಹಾಗೆಯೇ ಇದೆ. ಸಂಚಾರ ಪೊಲೀಸರ ದಂಡ ಬಾಕಿ ಇದೆಯೇ? ಆನ್‌ಲೈನಿನಲ್ಲಿ ನೋಡಿ, ಕಟ್ಟಿದರೆ ಮುಗಿಯಿತು. ಆರ್‌ಸಿಯಲ್ಲಿ ಫೈನಾನ್ಸ್ ಕಂಪನಿಯ ಹೆಸರಿದ್ದು, ಸಾಲ ತೀರಿದೆ ಎಂಬ ಪತ್ರವೂ ಫಾರಂ 35 ಕೂಡ ಕೈಯಲ್ಲಿದ್ದರೆ ಅದೂ ಮುಗಿಯುವ ಕೆಲಸ. ಆ ಕಂಪನಿಯೇ ಬಾಗಿಲು ಹಾಕಿದ್ದರೆ, ಅಥವಾ ಆರ್‌ಸಿಯಲ್ಲಿರುವವರು ತೀರಿಕೊಂಡು ವಾರಸುದಾರರ ಹೆಸರಿಗೆ ಬಂದೇ ಇಲ್ಲದಿದ್ದರೆ, ಎಂಜಿನ್ ಎಷ್ಟೇ ಚೆನ್ನಾಗಿರಲಿ, ಅದು ಮಾರುವವರು ಬಗೆಹರಿಸಿಕೊಂಡು ಬರಬೇಕಾದ ಕೆಲಸ. ಕಾರು ಕೈ ಬದಲಾದ ಮೇಲೆ ರಾಜ್ಯದೊಳಗಾದರೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ವಿಮೆಯನ್ನೂ 14 ದಿನದೊಳಗೆ ಹೆಸರಿಗೆ ಮಾಡಿಸಿಕೊಳ್ಳಬೇಕು; ಇಲ್ಲದಿದ್ದರೆ ಮೂರನೆಯವರಿಗಾದ ನಷ್ಟಕ್ಕೆ ವಿಮೆ ಒದಗಿದರೂ ನಮ್ಮ ಕಾರಿನ ನಷ್ಟಕ್ಕೆ ಕೈ ಖಾಲಿ. ಮಾರಿ ದುಡ್ಡೆಣಿಸಿಕೊಂಡವರೂ ನಿಶ್ಚಿಂತರಲ್ಲ. ಕೈಯಿಂದ ಕೈಗೆ ಹಲವು ಸಲ ಮಾರಾಟವಾಗಿದ್ದ ಒಂದು ಕಾರಿನ ಅಪಘಾತದ ಪ್ರಕರಣದಲ್ಲಿ, ದಾಖಲೆಯಲ್ಲಿ ಹೆಸರಿದ್ದ ಮೊದಲ ಮಾಲೀಕರೇ ಹೊಣೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪು ಕೊಟ್ಟಿದೆ. ಆದ್ದರಿಂದ ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿ ಬ್ರೋಕರ್ ಕೈಗೆ ಕೊಟ್ಟು ಮನೆಗೆ ಹೋಗುವ ಪದ್ಧತಿ ಎರಡೂ ಕಡೆಯವರಿಗೆ ಒಳ್ಳೆಯದಲ್ಲ. ಆರ್‌ಸಿಯಲ್ಲಿ ಹೆಸರು ಬದಲಾಗುವ ತನಕ ಹತ್ತು ಸಾವಿರ ತಡೆಹಿಡಿಯುವುದಾಗಿ ಕೊಳ್ಳುವವರು ಮೊದಲೇ ಮಾತಾಡಿಕೊಂಡಿದ್ದರೆ, ಮಾರಿದವರೂ ವಾರಕ್ಕೊಮ್ಮೆ ಫೋನ್ ಮಾಡಿ ವಿಚಾರಿಸುತ್ತಿರುತ್ತಾರೆ.